ಕೆಂಪು ದಾರ ಎಲ್ಲಿದೆಯೋ ಅಲ್ಲಿಂದ

ನಮ್ಮ ಸಲೋಮಿ ಅತ್ತೆಗೆ ಒಂದು ಹಟ. ಬೈಬಲ್ಲನ್ನು ಆರಿಸಿ ಓದಬಾರದು. ಮದುವೆಗೆ ಒಂದು ಅಧ್ಯಾಯ, ಸಾವಿಗೆ ಇನ್ನೊಂದು ಎಂದು ಪುಟ ಹುಡುಕುವ ಪಾದ್ರಿಗಳನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. "ಪೇಟೇಲಿ ಬಂಗಡೆ ಆರಿಸ್ದಂಗೆ ವಾಕ್ಯ ಆರಿಸೂದಾ?" ಎಂದು ಮುಖದ ಮೇಲೇ ಕೇಳಿಬಿಡುತ್ತಾಳೆ. ಅವಳದು ಒಂದೇ ಲೆಕ್ಕ. ಪುಟದ ಗುರುತಿಗೆ ಇಟ್ಟ ಕೆಂಪು ದಾರ ಎಲ್ಲಿದೆಯೋ ಅಲ್ಲಿಂದ ಒಂದು ಭಾಗ, ಮರುದಿನ ಅದರ ಮುಂದಿನದು. ಪುಸ್ತಕ ಮುಗಿದರೆ ಮತ್ತೆ ಮೊದಲಿನಿಂದ.

ಇದು ನಮ್ಮ ಅಜ್ಜ ಹಾಕಿಕೊಟ್ಟ ಪದ್ಧತಿ. ನಾವು ಜರ್ಮನಿಯ ಪಾದ್ರಿ ಲೂಥರನ ಹಾದಿಯ ಕ್ರೈಸ್ತರು. ಅವನ ಗುಂಡು ಮುಖದ ಪಟ ಈಗಲೂ ನಮ್ಮ ಗೋಡೆಯ ಮೇಲಿದೆ, ಪಕ್ಕದಲ್ಲೇ ಸೊಸೈಟಿಯ ಕ್ಯಾಲೆಂಡರು. ವಾಕ್ಯಕ್ಕೆ ತನ್ನದೇ ಬಲವಿದೆ, ಓದುವವರು ನಡುವೆ ಬಾಯಿ ಹಾಕಬಾರದು, ಅದು ತನ್ನ ಕೆಲಸ ತಾನೇ ಮಾಡುತ್ತದೆ ಎಂದು ಅಜ್ಜ ಹೇಳುತ್ತಿದ್ದರಂತೆ. ನಾನು ಅಷ್ಟು ನಂಬುವವನಲ್ಲ. ಭಟ್ಕಳ ಪೇಟೆಯಲ್ಲಿ ಮೊಬೈಲು ರಿಪೇರಿ ಮಾಡಿಕೊಂಡಿರುವವನು. ಭಾನುವಾರ ಅತ್ತೆಯನ್ನು ಸ್ಕೂಟರಿನಲ್ಲಿ ಹೊನ್ನಾವರದ ಚರ್ಚಿಗೆ ಬಿಟ್ಟು, ಹೊರಗೆ ಚಹಾ ಕುಡಿಯುತ್ತ ಕೂರುವ ಪೈಕಿ.

ಅತ್ತೆ ಮದುವೆಯಾಗಲಿಲ್ಲ. ತೆಂಗಿನಗುಂಡಿಯ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತಳಾದಳು; ಊರಿಗೆಲ್ಲ ಈಗಲೂ ಅವಳು ಅಕ್ಕೋರು, ಅಂದರೆ ಟೀಚರು. ಸಂಜೆ ಜಗಲಿಯ ಮೇಲೆ ಕೂತು, ತರಗತಿಗೆ ಓದಿದಷ್ಟೇ ಗಟ್ಟಿಯಾಗಿ ಬೈಬಲ್ ಓದುತ್ತಾಳೆ. ಅದನ್ನು ಕೇಳಲು ನೆರೆಮನೆಯ ಗಂಗಿ ಬರುತ್ತಿದ್ದಳು. ಮೀನು ಮಾರಿ ಬಂದವಳು ಖಾಲಿ ಬುಟ್ಟಿ ಪಕ್ಕಕ್ಕಿಟ್ಟು, ಕಂಬಕ್ಕೆ ಒರಗಿ, ಎಲೆಯಡಿಕೆ ಹಾಕಿಕೊಂಡು, "ನಿನ್ನೆ ಎಲ್ಲಿಗೆ ನಿಂತಿತ್ತು ಅಕ್ಕೋರೆ?" ಎನ್ನುವಳು, ಟಿ.ವಿ. ಧಾರಾವಾಹಿ ಕೇಳಿದ ಹಾಗೆ. ದೇವರು ಅವಳಿಗೆ ಅವಳ ಮನೆಯಲ್ಲೇ ಬೇಕಾದಷ್ಟಿದ್ದರು. ಇಲ್ಲಿಗೆ ಬರುತ್ತಿದ್ದುದು ಕತೆಗೆ. ಅತ್ತೆಯೂ ಅವಳಿಗೆ ಬೇರೇನೂ ಹೇಳಲಿಲ್ಲ, ಓದಿದಳು ಅಷ್ಟೆ.

ಮಳೆಗಾಲ ಇನ್ನೂ ಪೂರ್ತಿ ತಗ್ಗಿರಲಿಲ್ಲ. ಗಂಗಿಯ ಮಗ ಕಿರಣ ಹೋದ ನಾಡದೋಣಿ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಅಲೆಗೆ ಸಿಕ್ಕಿ ಮಗುಚಿತು. ಉಳಿದವರು ಈಜಿ ದಡ ಸೇರಿದರು. ಕಿರಣ ಸಿಗಲಿಲ್ಲ. ಅತ್ತೆಯ ಹತ್ತಿರವೇ ಅಕ್ಷರ ಕಲಿತ ಹುಡುಗ.

ಅಂದು ಸಂಜೆ ದಡದಲ್ಲಿ ಹುಡುಕಾಟ ನಡೆದೇ ಇತ್ತು. ಗಂಗಿ ನೇರ ನಮ್ಮ ಜಗಲಿಗೆ ಬಂದು ಕಂಬಕ್ಕೆ ಒರಗಿ ಕೂತಳು. "ಓದಿ ಅಕ್ಕೋರೆ. ಮನೇಲಿ ಕೂರೂಕೆ ಆಗೂದಿಲ್ಲ."

ಅತ್ತೆ ಪುಸ್ತಕ ಬಿಚ್ಚಿದಳು. ನಾನು ಹಿಂದಿನಿಂದ ಇಣುಕಿದೆ. ದಾರ ಇದ್ದುದು ಮಾರ್ಕನ ಸುವಾರ್ತೆಯಲ್ಲಿ, ದೋಣಿಯ ಕತೆಗೆ. ಬಿರುಗಾಳಿ ಏಳುತ್ತದೆ, ದೋಣಿಗೆ ನೀರು ತುಂಬುತ್ತದೆ, ಯೇಸು ಹಿಂದುಗಡೆ ದಿಂಬಿಗೆ ತಲೆಯಿಟ್ಟು ಮಲಗಿದ್ದಾನೆ. ಎಬ್ಬಿಸುತ್ತಾರೆ. ಅವನು ಗದರುತ್ತಾನೆ, ಕಡಲು ಸುಮ್ಮನಾಗುತ್ತದೆ. ಒಬ್ಬರೂ ಸಾಯುವುದಿಲ್ಲ. ಬೇರೆ ಪುಟ ತಿರುಗಿಸು ಎಂದು ಅತ್ತೆಯ ಭುಜ ಒತ್ತಿದೆ. ಅವಳು ನನ್ನ ಕೈ ಸರಿಸಿ ಓದಿದಳು.

ಗಂಗಿಯ ಮುಖ ಅರಳಿಬಿಟ್ಟಿತು. "ಎಲ್ಲಾ ಉಳದ್ರು ಅಲ್ದಾ?" ಎಂದು ಕೇಳಿ, ಎದ್ದು ಹೋದಳು.

ಮರುದಿನ ಅದರ ಮುಂದಿನ ಭಾಗ. ದೆವ್ವ ಹೊಕ್ಕ ಹಂದಿಯ ಹಿಂಡು ಓಡಿಬಂದು ನೀರಿಗೆ ಬಿದ್ದು ಸಾಯುತ್ತದೆ. "ಮುಳುಗಿದ್ದು ಹಂದಿ. ಮನಷ್ಯರಲ್ಲ," ಎಂದಳು ಗಂಗಿ, ಯಾರೋ ವಾದಕ್ಕೆ ಬಂದವರ ಹಾಗೆ. ಅದರ ಮರುದಿನ ಸತ್ತ ಹುಡುಗಿಯ ಕತೆ. ಅವಳು ಸತ್ತಿಲ್ಲ, ನಿದ್ದೆ ಮಾಡುತ್ತಿದ್ದಾಳೆ ಎಂದು ಯೇಸು ಅನ್ನುತ್ತಾನೆ, ಜನ ನಗುತ್ತಾರೆ, ಹುಡುಗಿ ಎದ್ದು ಕೂರುತ್ತಾಳೆ. ಗಂಗಿ ಮನೆಗೆ ಹೋಗಿ ಕಿರಣನ ಪಾಲಿನ ಅನ್ನ ಬಡಿಸಿ ಮುಚ್ಚಿಟ್ಟಳು.

ನಾನು ಅತ್ತೆಯ ಮೇಲೆ ಹರಿಹಾಯ್ದೆ. "ನಿಂಗೆ ತಲೆ ಸಮ ಇದ್ಯಾ? ಹೆತ್ತ ಹೊಟ್ಟೆಗೆ ಹೀಗೆ ಆಸೆ ಹುಟ್ಸೂದಾ?"

"ನಾ ಎಂತ ಮಾಡ್ಲಿ? ನಾ ಬರದದ್ದಾ ಅದು?" ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೆಲಸ ಮಾಡ್ತದೆ ಅಂತ ಅಪ್ಪ ಹೇಳಿದ್ರು. ಹಿಂಗೆ ಮಾಡ್ತದೆ ಅಂತ ಹೇಳ್ಲಿಲ್ಲ."

ಹುಡುಕುವವರು ಹುಡುಕುವುದನ್ನು ಬಿಟ್ಟರು. ಗಂಗಿಯ ಗಂಡ ಜಟ್ಟಿ ಹೆಣದ ಬದಲಿಗೆ ದರ್ಭೆಯ ಬೊಂಬೆ ಮಾಡಿಸಿ ಮಗನ ಕಾರ್ಯ ಮುಗಿಸಬೇಕೆಂದರೆ ಇವಳು ಬಾಗಿಲಿಗೆ ಅಡ್ಡ ನಿಂತಳು. ಸಾಯದವನಿಗೆ ಎಂಥ ಕಾರ್ಯ, ಅಕ್ಕೋರ ಪುಸ್ತಕದಲ್ಲೇ ಇದೆ ಎಂದಳು. ಜಟ್ಟಿ ನಮ್ಮ ಅಂಗಳಕ್ಕೆ ಬಂದು ಕೈಮುಗಿದ. "ಅಕ್ಕೋರೆ, ಹುಡ್ಗ ನೆಲೆ ಇಲ್ದೇ ಅಲೀತಾ ಇರ್ತ. ಅವ್ಳು ನಿಮ್ಮ ಮಾತೊಂದೇ ಕೇಳೂದು. ಬೇರೆ ಎಂತಾರೂ ಇದ್ರೆ ಓದಿ."

ಆರಿಸಿ ಓದು ಎಂದು ಕೇಳುತ್ತಿದ್ದ. ಅತ್ತೆ ಮಧ್ಯಾಹ್ನ ಊಟಕ್ಕೂ ಏಳಲಿಲ್ಲ, ಪುಸ್ತಕ ಮಡಿಲಲ್ಲಿಟ್ಟುಕೊಂಡು ಲೂಥರನ ಪಟ ನೋಡುತ್ತ ಕೂತಿದ್ದಳು. ಅವನಾದರೂ ಏನು ಹೇಳಿಯಾನು, ಪಾಪ.

ಸಂಜೆ ಗಂಗಿ ಬಂದಳು. "ನಿನ್ನೆ ಎಲ್ಲಿಗೆ ನಿಂತಿತ್ತು?"

ಅತ್ತೆ ದಾರವನ್ನು ಹಿಂದಕ್ಕೆ ತಂದಳು. ನನಗೆ ತಿಳಿದಂತೆ ಅವಳ ಜನ್ಮದಲ್ಲೇ ಅದು ಮೊದಲು. ಮತ್ತೆ ದೋಣಿಯ ಕತೆಯನ್ನೇ ತೆಗೆದಳು. ಗಾಳಿ ಎದ್ದಿತು, ನೀರು ತುಂಬಿತು, ಅವನು ಮಲಗಿದ್ದ. ದೋಣಿಯವರು ಅವನನ್ನು ಎಬ್ಬಿಸಿ, ನಾವಿಲ್ಲಿ ಸಾಯುತ್ತಿದ್ದೇವೆ, ನಿನಗೇನೂ ಅನ್ನಿಸುವುದಿಲ್ಲವೇ ಎಂದು ಕೇಳುವ ಸಾಲಿಗೆ ಬಂದು ನಿಲ್ಲಿಸಿದಳು.

ಗಂಗಿ ಕಾದಳು. "ಮುಂದೆ?"

"ಮುಂದಿಂದು ಅವ್ರಿಗೆ ಆದದ್ದು, ಗಂಗಿ. ಅವ್ರಿಗೆ ಎದ್ದ. ನಮ್ಗೆ ಏಳ್ಲಿಲ್ಲ." ಅತ್ತೆ ಆ ಸಾಲಿನ ಮೇಲೆ ಬೆರಳಿಟ್ಟಳು. "ನಮ್ದು ಇಲ್ಲೀವರೆಗೇಯ."

"ಎಂತಕ್ಕೆ ಏಳ್ಲಿಲ್ಲ?"

"ಗೊತ್ತಿಲ್ಲೆ ಮಗಾ. ನಂಗೆ ಗೊತ್ತಿಲ್ಲೆ."

ಗಂಗಿ ಬಗ್ಗಿ ಆ ಬೆರಳನ್ನು ನೋಡಿದಳು. ಆಮೇಲೆ, "ಅದೊಂದು ಇನ್ನೊಂದ್ಸಲ ಓದಿ. ಆ ಮಲಗ್ದವ್ನಿಗೆ ಕೇಳೂ ಹಂಗೆ ಓದಿ," ಎಂದಳು. ಅತ್ತೆ ಕಡಲಿನ ಕಡೆ ತಿರುಗಿ ಓದಿದಳು. ಗಂಗಿಯೂ ದನಿಗೂಡಿಸಿದಳು. ನಮ್ಮ ಅತ್ತೆ ಯಾರನ್ನೂ ಹಾಗೆ ಗದರಿದ್ದನ್ನು ನಾನು ಕೇಳಿಲ್ಲ, ಶಾಲೆಯ ಮಕ್ಕಳನ್ನೂ. ಇಬ್ಬರೂ ಕೂಗಿ ಕೂಗಿ ದನಿ ಒಡೆದು, ಕೊನೆಗೆ ಗಂಗಿ ಅತ್ತೆಯ ಮಡಿಲಿಗೆ ಮುಖ ಹಾಕಿ ಅತ್ತಳು. ದೋಣಿ ಮಗುಚಿದ ಮೇಲೆ ಅವಳು ಅತ್ತದ್ದು ಅದೇ ಮೊದಲು. ನಾನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ಇನ್ನೇನು ಮಾಡಲಿ?

ಎದ್ದು ಹೋಗುವಾಗ ಗಂಗಿ, "ಆತು. ಕಾರ್ಯ ಮಾಡೂಕೆ ಹೇಳ್ತೆ," ಎಂದಳು.

ಅವಳು ಈಗಲೂ ಸಂಜೆ ಬರುತ್ತಾಳೆ. ಎಲ್ಲಿಗೆ ನಿಂತಿತ್ತು ಎಂದು ಕೇಳುವುದಿಲ್ಲ. ಅತ್ತೆ ಆ ಸಾಲಿನವರೆಗೆ ಓದಿ ಪುಸ್ತಕ ಮುಚ್ಚುತ್ತಾಳೆ. ಕೆಂಪು ದಾರ ಅಲ್ಲೇ ಇದೆ.