ಚುಕ್ಕಿ ಹಕ್ಕಿಯ ಕಾಲ ಮುಳ್ಳು

ಬೆಟಗೇರಿಯ ಗಾದಿ ಅಂಗಡಿಯ ಕಟ್ಟೆಯ ಮೇಲೆ ಆ ಸಂಜೆ ಮೂವರಿದ್ದೆವು: ಗಾದಿ ಹೊಲಿಯುವ ಚಾಚಾ, ಅವರ ಮನೆಯಾಕೆ ಚಾಚಿ, ಮತ್ತು ಗದಗ ಜಿಲ್ಲೆಯಾದ ಹೊಸದರಲ್ಲಿ ಅಲ್ಲಿಯ ಕಚೇರಿಗೆ ವರ್ಗವಾಗಿ ಬಂದು ಅವರ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದ ನಾನು. ನಡುವೆ ಬಿದಿರಿನ ಪಂಜರ. ಒಳಗಿನ ಹಕ್ಕಿ ಈ ಮೂಲೆಯಿಂದ ಆ ಮೂಲೆಗೆ, ಮತ್ತೆ ಈ ಮೂಲೆಗೆ. ನೋಡುತ್ತ ನೋಡುತ್ತ ನನ್ನ ಕಾಲೂ ಒಂದೆಡೆ ನಿಲ್ಲುತ್ತಿರಲಿಲ್ಲ.

ತತ್ತಿ ತಂದುಕೊಟ್ಟವನು ನಾನೇ. ಸಾಕಿದ್ದ ಕೌಜಗ ಹಕ್ಕಿ ಸತ್ತ ಮೇಲೆ ಓಣಿಯಲ್ಲಿ ಬೆಳಗಿನ ಕೂಗೇ ಇಲ್ಲವೆಂದು ಚಾಚಾ ಹಲುಬುತ್ತಿದ್ದರು. ಹೊಲದ ಕೌಜಗದ ತತ್ತಿಯಾದರೆ ಕೋಳಿಯ ಕೆಳಗೆ ಕಾವಿಗಿಡಬಹುದು, ಗುಡ್ಡದ ಜಾತಿಯನ್ನು ಮಾತ್ರ ಮುಟ್ಟಬಾರದು, ಅದು ಪಂಜರದಲ್ಲಿ ಬದುಕುವುದಿಲ್ಲ. ಇದು ಅವರ ಹಿರಿಯರು ಹಾಕಿಟ್ಟ ಕಟ್ಟಳೆ. ಮುಂಡರಗಿ ಕಡೆ ಕೆಲಸಕ್ಕೆ ಹೋದಾಗ ಕಪ್ಪತಗುಡ್ಡದ ಕಲ್ಲಿನ ಸಂದಿಯಲ್ಲಿ ನನಗೆ ಮೂರು ತತ್ತಿ ಕಂಡವು. ಕರವಸ್ತ್ರದಲ್ಲಿ ಸುತ್ತಿ ತಂದು, ಹೊಲದ ಬದುವಿನಲ್ಲಿ ಸಿಕ್ಕವು ಎಂದುಬಿಟ್ಟೆ.

ಚಾಚಿಯ ಕೆಂಪು ಕೋಳಿ ಕಾವು ಕೊಟ್ಟಿತು. ಒಂದೇ ಮರಿ ಉಳಿಯಿತು. ಮೈಮೇಲೆ ಬಿಳಿ ಚುಕ್ಕಿ ಮೂಡಿದಾಗ ಚಾಚಾ ಹಿಗ್ಗಿದರು. ಹೊಲದಲ್ಲೂ ಚುಕ್ಕಿಯ ಕೌಜಗ ಇರುತ್ತದೆ, ಅದರ ಕೂಗು ಕೇಳಲು ನಸೀಬ ಬೇಕು ಎಂದು ಓಣಿಗೆಲ್ಲ ಸಾರಿದರು. ಹಕ್ಕಿ ಕೂಗಲಿಲ್ಲ. ಕಾಳು ಬಿಟ್ಟಿತು. ಕಡ್ಡಿಗಳಿಗೆ ತಲೆ ಬಡಿದುಕೊಂಡು ನೆತ್ತಿಯ ಗರಿ ಉದುರಿಸಿಕೊಂಡಿತು. ಹೊಸ ಜಿಲ್ಲೆಗೆ ಬಂದ ಸಾಹೇಬರ ಹಾಗೆ ಇದಕ್ಕೂ ಇನ್ನೂ ಕುರ್ಚಿ ಸಿಕ್ಕಿಲ್ಲ ಎಂದು ಚಾಚಿ ನನ್ನ ಕಡೆ ನೋಡಿಯೇ ಅನ್ನುತ್ತಿದ್ದರು.

ಆ ಸಂಜೆ ಚಾಚಾ ಹಕ್ಕಿಯನ್ನು ಹೊರತೆಗೆದು, ಅಂಗೈಯಲ್ಲಿ ಅಂಗಾತ ಮಲಗಿಸಿ ಕಾಲು ಸವರಿದರು. ಹುಂಜದ ಕಾಲಿಗಿರುವಂಥ ಮುಳ್ಳು, ಒಂದು ಕಾಲಿಗೆ ಎರಡು, ಇನ್ನೊಂದಕ್ಕೆ ಮೂರು.

“ಹೊಲದ ಚುಕ್ಕಿ ಕೌಜಗಕ್ಕ ಮುಳ್ಳ ಇರೂದಿಲ್ಲೋ ತಮ್ಮಾ. ಬೂದಿ ಬಣ್ಣದ್ದಕ್ಕ ಇರ್ತಾವ, ಆದ್ರ ಅದಕ್ಕ ಹಿಂಗ ಚುಕ್ಕಿ ಇರೂದಿಲ್ಲ. ಇದು ಅವೆರಡೂ ಅಲ್ಲ. ಖರೆ ಹೇಳು, ಎಲ್ಲಿಂದ ತಂದಿ?”

“ಗುಡ್ಡದಿಂದ್ರಿ ಚಾಚಾ.”

ಅವರು ಬೈಯಲಿಲ್ಲ. ಹಕ್ಕಿಯ ನೆತ್ತಿಗೆ ಅರಿಷಿಣ ಹಚ್ಚಿದರು. “ನಾನೂ ಚುಕ್ಕಿ ನೋಡಿ ಕುಣದೆ. ಕಾಲು ಮೊದಲ ನೋಡಬೇಕಿತ್ತು,” ಎಂದರು.

ಮರುದಿನ ಪಂಜರ ಹಿಡಿದು ಚಾಚಾ, ನಾನು ಮೊದಲ ಬಸ್ಸಿಗೆ ಕಪ್ಪತಗುಡ್ಡಕ್ಕೆ ಹೊರಟೆವು. ಆ ಕಲ್ಲಿನ ಸಂದಿಯನ್ನು ನಾನೇ ತೋರಿಸಬೇಕಾಯಿತು. ಪಂಜರದ ಬಾಗಿಲು ತೆಗೆದರೂ ಹಕ್ಕಿ ಒಳಗೇ ಎರಡು ಸುತ್ತು ತಿರುಗಿತು. ಆಮೇಲೆ ಹೊರಬಂದು, ಹಾರದೆ, ಪೊದೆಯೊಳಗೆ ಓಡಿಹೋಯಿತು.

ಖಾಲಿ ಪಂಜರವನ್ನು ಚಾಚಾ ಬಾಗಿಲು ತೆಗೆದೇ ಕಟ್ಟೆಯ ಮೇಲಿಟ್ಟರು. ಮುಂದಿನ ವಾರ ಕೆಂಪು ಕೋಳಿ ಅದರೊಳಗೆ ಹೊಕ್ಕು ತತ್ತಿ ಇಟ್ಟಿತು.