ತಾತನ ಮಂತ್ರದ ಅರ್ಥ

ಈ ಊರಿನಲ್ಲಿ ಕೂತ್ತು ಅಂದರೆ ಯಾರೂ ಕೂರುವುದಿಲ್ಲ, ಕುಣಿಯುತ್ತಾರೆ! ಬೀದಿಯಲ್ಲಿ ವೇಷ ಕಟ್ಟಿ ಆಡುವ ಹಳೇ ಆಟಕ್ಕೆ ತಮಿಳಿನಲ್ಲಿ ಕೂತ್ತು ಎನ್ನುತ್ತಾರೆ. ಬಂದ ವಾರವೇ ಮೈಲಾಪುರದ ಮನೆಯೊಡತಿಗೆ "ಇಡೀ ದಿನ ಕೂತು ಓದ್ತೀನಿ" ಅಂದೆ. ಆಕೆ ಬೆಚ್ಚಿಬಿದ್ದರು. "ಕೂತ್ತಾ? ಅದೆಲ್ಲಾಂ ಇಂಗೆ ವೇಂಡಾಂಮ್ಮಾ!" ಅದೆಲ್ಲ ಇಲ್ಲಿ ಬೇಡವಂತೆ. ನಾನು ಬಂದಿರುವುದೇ ಕೂತ್ತಿನ ಹಳೇ ಚರಿತ್ರೆ ಓದಲು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ನಮ್ಮ ತುಮಕೂರಿನ ಕಡೆ ಮೂಡಲಪಾಯದ ಬಯಲಾಟಕ್ಕೆ ಊರಿಗೆ ಊರೇ ಸೇರುತ್ತಿತ್ತು, ಆಟ ಎಲ್ಲರನ್ನೂ ಒಂದು ಮಾಡುತ್ತಿತ್ತು ಎಂದು ಪ್ರಬಂಧದ ಮೊದಲ ಅಧ್ಯಾಯವನ್ನು ಅಲ್ಲೇ ಬರೆದುಕೊಂಡು ಬಂದಿದ್ದೆ. ಅಷ್ಟು ಖಾತ್ರಿ ನನಗೆ! ಇಲ್ಲಿ ನಮ್ಮ ಮುದ್ದೆಗೆ ಕಳಿ ಎಂದು ಹೆಸರು, ಕಳಿ ತಿನ್ನುವುದೆಂದರೆ ಜೈಲಿಗೆ ಹೋಗುವುದು. ಮುದ್ದೆ ಹೋಗಲಿ, ಒಂದು ಕನ್ನಡದ ಮಾತು ಕಿವಿಗೆ ಬಿದ್ದರೆ ಸಾಕು ಎಂದು ಆರು ತಿಂಗಳು ಹಂಬಲಿಸಿದೆ.

ಅಂಬತ್ತೂರಿನ ವೇಲು ಅಣ್ಣ ಕಾರ್ಖಾನೆಯಲ್ಲಿ ಲೇತ್ ನಡೆಸುವವರು, ಕೂತ್ತಿನಲ್ಲಿ ರಾಜ. ಭಾನುವಾರ ಮಧ್ಯಾಹ್ನ ಅವರ ತಾಲೀಮು ನೋಡಲು ಹೋಗುತ್ತಿದ್ದೆ. ನನ್ನ ತಮಿಳು ಕೇಳಿ ನಗುತ್ತಿದ್ದರು, ಮೇಷ್ಟರಂತೆ ತಿದ್ದುತ್ತಲೂ ಇದ್ದರು. ಒಂದು ಭಾನುವಾರ ಮರದ ಕಿರೀಟ ಕಟ್ಟುವ ಮೊದಲು ಕೈಮುಗಿದು ಏನೋ ಗುನುಗಿದರು.

"ವಳಕೆ ಪರಬೇಡಾ, ಒರಗೇ ನಿಂದಾಡೂ."

"ತಾತನ ಮಂತ್ರ, ಮೇಡಂ," ಎಂದರು ತಮಿಳಿನಲ್ಲಿ. "ಹೊಸೂರಿನ ಕಡೆ ಆಡೋಕೆ ಹೋದಾಗ ಅವರು ಕಲಿತದ್ದು. ಅರ್ಥ ಕೇಳಿದರೆ ಬೈಯುತ್ತಿದ್ದರು."

ಕನ್ನಡ! ಸಂತೋಷಕ್ಕೆ ಎದ್ದು ನಿಂತೇಬಿಟ್ಟೆ. ಮರುಕ್ಷಣ ಅರ್ಥವೂ ಆಯಿತು. ಒಳಕ್ಕೆ ಬರಬೇಡ, ಹೊರಗೇ ನಿಂತು ಆಡು. ಯಾವುದೋ ಕನ್ನಡದ ಹಳ್ಳಿಯಲ್ಲಿ ಯಾರೋ ಆಟಗಾರರನ್ನು ಊರಾಚೆಗೇ ತಡೆದು ಹೇಳಿದ ಮಾತು ಅದು. ಮೂರು ತಲೆಮಾರು ಅದಕ್ಕೆ ಕೈಮುಗಿದಿದೆ. ನನ್ನ ಅಧ್ಯಾಯದಲ್ಲಿ ಊರಿಗೆ ಊರೇ ಸೇರಿತ್ತಲ್ಲ, ಆ ಊರಿನ ಲೆಕ್ಕಕ್ಕೆ ಇವರು ಬಂದೇ ಇರಲಿಲ್ಲ.

"ನಿಮ್ಮ ಭಾಷೆ ತಾನೇ? ಅರ್ಥಂ ಎನ್ನ, ಮೇಡಂ?"

ದೇವರ ಸ್ತುತಿ ಎಂದುಬಿಟ್ಟರೆ ಮಂತ್ರ ಉಳಿಯುತ್ತಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ತಾತನಿಗೆ ಅರ್ಥ ಗೊತ್ತಿತ್ತು, ಅದಕ್ಕೇ ಬೈಯುತ್ತಿದ್ದರು ಎಂದು ಹೊಳೆದ ಮೇಲೆ ಸುಳ್ಳು ಹೇಳಲಾಗಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ.

ವೇಲು ಅಣ್ಣ ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡರು.

"ಯಾರು ಸೊನ್ನಾಂಗ?" ಹೇಳಿದ್ದು ಯಾರು?

"ನಮ್ಮ ಆಳುಂಗ," ಎಂದೆ. ನಮ್ಮ ಜನ.

"ನಮ್ಮ ಇಲ್ಲೆ, ಮೇಡಂ," ಎಂದರು, ಎಂದಿನಂತೆ ಮೆಲ್ಲಗೆ ತಿದ್ದುತ್ತಾ. "ಎಂಗ ಆಳುಂಗ. ಅಪ್ಪಡಿ ಸೊಲ್ಲುಂಗ." ನಮ್ಮ ಅಲ್ಲ, ಎಂಗ; ಹಾಗೆ ಹೇಳಿ.

ತಮಿಳಿನಲ್ಲಿ ನಮ್ಮ ಎಂದರೆ ಎದುರಿಗಿರುವವನೂ ಸೇರುತ್ತಾನೆ. ಅವನನ್ನು ಬಿಟ್ಟು ಹೇಳಲು ಎಂಗ ಎನ್ನಬೇಕು. ಕನ್ನಡದಲ್ಲಿ ನಮಗೆ ಎರಡಕ್ಕೂ ಒಂದೇ ಮಾತು.

ತಿದ್ದಿಕೊಂಡು ಹೇಳಿದೆ. ಅಂದಿನಿಂದ ನಮ್ಮ ಎನ್ನುವ ಮೊದಲು ನನ್ನ ನಾಲಿಗೆ ತಡೆಯುತ್ತದೆ, ಊರಿಗೆ ಹೋದಾಗಲೂ.