ಅಕ್ಕೋರು ಒಪ್ಪಿಕೊಂಡ ವಾದ

ಹೋದ ವಾರ ಹಲ್ಲುನೋವಿಗೆಂದು ಗೋಕುಲ ರಸ್ತೆಯ ದವಾಖಾನೆಯೊಂದರಲ್ಲಿ ಕೂತಿದ್ದೆ. ಎದುರಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಸಾಲಾಗಿ ಆರು ದುಂಡು ಮುಖಗಳು. ಎಡತುದಿಯದು ನಗುತ್ತಿತ್ತು, ಬಲತುದಿಯದು ಅಳುತ್ತಿತ್ತು. ನಿಮ್ಮ ನೋವು ಎಷ್ಟು, ಬೆರಳಿಟ್ಟು ತೋರಿಸಿ ಎಂದು ಕೆಳಗೆ ಬರೆದಿತ್ತು. ನನಗೆ ನನ್ನ ಹಲ್ಲೇ ಮರೆತುಹೋಯಿತು. ಅಕ್ಕೋರು ನೆನಪಾದರು...

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಇವರು ಶಿರಗುಪ್ಪಿಯ ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿ, ಗೋಪನಕೊಪ್ಪದಲ್ಲಿ ನಮ್ಮ ಮನೆಯ ಎದುರಿಗೇ ಒಬ್ಬರೇ ಇದ್ದರು. ಪ್ರತಿ ಭಾನುವಾರ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಓಣಿಯ ಮಕ್ಕಳಿಗೆ ಚರ್ಚಾಸ್ಪರ್ಧೆಯ ತರಬೇತಿ ಕೊಡುತ್ತಿದ್ದರು. ಕೆಳಗೆ ಗಿರಣಿ ಗಡಗಡ ಎನ್ನುತ್ತಿದ್ದರೆ ಮೇಲೆ ನಾವು ಗಂಟಲು ಹರಿದುಕೊಳ್ಳುತ್ತಿದ್ದೆವು. "ಗಿರಣಿಗಿಂತ ಜೋರ ಮಾತಾಡಬ್ಯಾಡ್ರಿ, ಗಿರಣಿಗಿಂತ ಛಲೋ ಮಾತಾಡ್ರಿ," ಎನ್ನುತ್ತಿದ್ದರು. ಯಾರು ಏನೇ ಹೇಳಿದರೂ ಹಾಗೇ ನುಂಗಬಾರದು ಎಂದು ಕಲಿಸಿದವರು ಅವರೇ. ನಾನು ಆ ಪಾಠವನ್ನು ಸ್ವಲ್ಪ ಜಾಸ್ತಿಯೇ ಕಲಿತೆ.

ಸೊಂಟದ ಕೀಲು ಸವೆದು ಗಿರಣಿಯ ಹದಿನೆಂಟು ಮೆಟ್ಟಿಲು ಹತ್ತುವುದು ಆಗದಂತಾದಾಗ, ಕೀಲು ಬದಲಿಸುವ ಆಪರೇಷನ್‌ಗೆ ಒಪ್ಪಿದರು. "ಗುಡಿಗೆ ಹೋಗದಿದ್ರ ನಡೀತೈತಿ. ಗಿರಣಿ ಮ್ಯಾಲ ಹೋಗದಿದ್ರ ನಾ ಇದ್ದರ ಏನು ಮಾಡಲಿ, ಹೇಳವಾ?" ಅಂದಿದ್ದರು. ಆಸ್ಪತ್ರೆಯಲ್ಲಿ ಅವರ ಜೊತೆಗೆ ನಿಂತವಳು ನಾನು. ಆಗ ಕಾನೂನು ಓದುತ್ತಿದ್ದೆ, ಆದರೂ ಗಿರಣಿಯ ಭಾನುವಾರ ಬಿಟ್ಟಿರಲಿಲ್ಲ.

ಮೊದಲ ದಿನದಿಂದಲೇ ನನಗೆ ಅನುಮಾನ. ಎಲುಬಿನ ಡಾಕ್ಟರು ಆಪರೇಷನ್‌ಗೆ ಮೊದಲು, ನಿದ್ದೆ ಬರುತ್ತದೋ, ಹೆದರಿಕೆ ಇದೆಯೋ, ಬೇರೆ ಎಲ್ಲೆಲ್ಲಿ ಎಷ್ಟು ದಿನದಿಂದ ನೋವಿದೆ ಎಂದೆಲ್ಲ ಕೇಳಿ ಬರೆದುಕೊಂಡರು. ಎಲುಬಿಗೂ ನಿದ್ದೆಗೂ ಏನು ಸಂಬಂಧ? ಹಾಳೆ ತುಂಬಿಸಿದರೆ ಬಿಲ್ಲು ತುಂಬುತ್ತದೆ, ಅಷ್ಟೇ ಎಂದುಕೊಂಡೆ. ಆಪರೇಷನ್‌ನ ಮರುದಿನ ನರ್ಸ್ ಆರು ಮುಖಗಳ ಹಾಳೆ ಹಿಡಿದಳು. ಅಕ್ಕೋರು ತುಟಿ ಕಚ್ಚಿಕೊಂಡೇ ಎರಡನೆಯ ಮುಖ ತೋರಿಸಿದರು.

"ಖರೇ ಹೇಳ್ರಿ ಅಜ್ಜಿ," ಅಂದಳು ನರ್ಸ್.

"ಅಕ್ಕೋರ ಅನ್ನವಾ. ಅಜ್ಜಿ ಅಂದ್ರ ಬ್ಯಾನಿ ಹೆಚ್ಚಾಗತೈತಿ. ಆ ಕಡೀಕಿನ ಅಳಬುರುಕ ಮಾರಿ ನೋಡು, ನಮ್ಮ ಹಳೇ ಹೆಡ್ ಮಾಸ್ತರ ಇದ್ದಂಗ ಐತಿ. ಅದರ ಮ್ಯಾಲ ನಾ ಬಟ್ಟ ಇಡಾಂಗಿಲ್ಲ."

ಎಲ್ಲರೂ ನಕ್ಕೆವು. ನಗಬಾರದಿತ್ತೇನೋ...

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದರು: "ಬ್ಯಾನಿ ಬರ್ಲಿ ಅಂತ ದಾರಿ ಕಾಯಬ್ಯಾಡ್ರಿ. ಹೊತ್ತಿಗೆ ಸರಿಯಾಗಿ ಗುಳಿಗಿ ತಗೋರಿ, ಹೇಳಿದಷ್ಟು ಅಡ್ಡಾಡ್ರಿ. ಈಗ ತಡಕೊಂಡು ಸುಮ್ಮ ಕುಂತ್ರ, ಮುಂದ ಕಾಯಂ ಉಳದರೂ ಉಳದೀತು."

ನಾನು ಚೀಟಿ ಇಸಿದುಕೊಂಡು ಓದಿದೆ. ಎರಡು ಗುಳಿಗೆಗಳ ಹೆಸರು ಬೇರೆ, ಒಳಗಿನ ಔಷಧ ಒಂದೇ. ಕೇಳಿದೆ. ಡಾಕ್ಟರು ನೋಡಿ, ಒಂದನ್ನು ಹೊಡೆದುಹಾಕಿ, "ಛಲೋ ಆತು ನೋಡಿದ್ದು," ಅಂದರು.

ಪೆನ್ನಿನ ಆ ಒಂದು ಗೆರೆ ನನ್ನ ತಲೆಗೇರಿತು. ಬಾಡಿಗೆ ಕಾರಿನಲ್ಲಿ ಬರುವಾಗ ಉಳಿದದ್ದನ್ನೂ ಬಿಡಲಿಲ್ಲ. "ಒಂದು ತಪ್ಪಿದ್ದ ಮ್ಯಾಲ ಉಳಿದದ್ದು ಸರಿ ಅಂತ ಹೆಂಗ ನಂಬತೀರಿ ಅಕ್ಕೋರ? ಔಷಧದ ಅಂಗಡಿ ಅವರ ಆಸ್ಪತ್ರಿ ಒಳಗ ಐತಿ. ಇಲ್ಲದ ಬ್ಯಾನಿಗೆ ಗುಳಿಗಿ ಅಂದ್ರ ಇಲ್ಲದ ಮಳಿಗೆ ಛತ್ರಿ ಹಿಡದಂಗ."

ಗುಳಿಗೆಯಿಂದ ಅಕ್ಕೋರಿಗೆ ತಲೆ ಮಂಕಾಗುತ್ತಿತ್ತು. ನೋವಿಗಿಂತ ಅದರ ಮೇಲೇ ಅವರಿಗೆ ಸಿಟ್ಟು. ಕೈ ತಟ್ಟಿದರು. "ಭೇಷ್! ಗುಳಿಗಿ ಸೋತ್ವು ನೋಡು."

ಡಾಕ್ಟರಿಗೊಂದು ಫೋನು ಮಾಡಿ, ಮಂಕಾಗದಂಥ ಬೇರೆ ಗುಳಿಗೆ ಇದೆಯೇ ಎಂದು ಕೇಳಬಹುದಿತ್ತು. ಇಬ್ಬರಿಗೂ ಹೊಳೆಯಲಿಲ್ಲ. ಗೆದ್ದಿದ್ದೆವಲ್ಲ.

ಅಲ್ಲಿಂದ ಮುಂದೆ ತಡೆಯಲಾರದಾಗ ಮಾತ್ರ ಗುಳಿಗೆ. ನೋವು ಕಡಿಮೆಯಾದ ದಿನ ಕಾಲಿನ ವ್ಯಾಯಾಮ ಮಾಡೋಣ ಎನ್ನುತ್ತಿದ್ದರು. ಅಂಥ ದಿನ ಬರಲೇ ಇಲ್ಲ. ಮೂರು ತಿಂಗಳಾದ ಮೇಲೆ ಕಂಬಿ ಹಿಡಿದು ಮೆಟ್ಟಿಲು ಹತ್ತಿದರು. ನಾವು ಚಪ್ಪಾಳೆ ಹೊಡೆದೆವು. ಆದರೆ ಅರ್ಧ ತಾಸಿಗೇ ತೊಡೆ ಹಿಡಿದುಕೊಂಡು ಎದ್ದುಬಿಡುತ್ತಿದ್ದರು. ಆರು ತಿಂಗಳಾದರೂ ಅದೇ ಪಾಡು. ಎಕ್ಸ್‌ರೇ ತೆಗೆಸಿದೆವು. ಕೀಲು ಸರಿಯಾಗಿ ಕೂತಿದೆ, ನಂಜೂ ಇಲ್ಲ ಎಂದರು ಡಾಕ್ಟರು. ನನ್ನ ಅನುಮಾನ ಈಗ ಅಕ್ಕೋರ ಕಡೆ ತಿರುಗಿತು. ನಮ್ಮ ಕೂಗಾಟಕ್ಕೆ ಬೇಸತ್ತು ನೆಪ ಹೇಳುತ್ತಿದ್ದಾರೆಯೇ?

"ಎಕ್ಸ್‌ರೇದಾಗ ಏನೂ ಕಾಣವಲ್ದಲ್ರೀ ಅಕ್ಕೋರ?" ಮಕ್ಕಳೆಲ್ಲರ ಎದುರೇ ಕೇಳಿದೆ.

"ಹೌದವಾ. ಬ್ಯಾನಿ ಎಕ್ಸ್‌ರೇದಾಗ ಇಲ್ಲ, ನನ್ನ ಕಾಲಾಗ ಐತಿ."

ಮಕ್ಕಳು ನಕ್ಕರು. ಅಕ್ಕೋರು ನಗಲಿಲ್ಲ. ಮುಂದಿನ ಭಾನುವಾರ ಅವರು ಮೇಲೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ...

ಆಮೇಲೆ ಅಂಗಳದ ಕುರ್ಚಿಯಲ್ಲೇ ಇರುತ್ತಿದ್ದರು, ಒಂದು ಕಾಲು ಮುಂದೆ ಚಾಚಿ. ಒಂದು ಸಂಜೆ ಧೈರ್ಯ ಮಾಡಿ ಬಾಯಿ ತೆರೆದೆ. "ಅಕ್ಕೋರ, ಆ ಗುಳಿಗಿ..."

"ಏ, ಬಿಡವಾ. ವಾದ ಮಾಡಿದಾಕಿ ನೀ, ಒಪ್ಪಿದಾಕಿ ನಾ. ಚಾ ಕುಡೀತಿ?"

ಅಷ್ಟಕ್ಕೇ ಬಿಡುವವಳಲ್ಲ ನಾನು. ಡಾಕ್ಟರನ್ನೇ ಹೋಗಿ ಕೇಳಿದೆ: ಹೇಳಿದಂತೆ ಗುಳಿಗೆ ತಗೊಂಡು ನಡೆದಾಡಿದ್ದರೆ ಈ ನೋವು ಉಳಿಯುತ್ತಿತ್ತೇ?

"ಹಂಗಂತ ಎದಿ ತಟ್ಟಿ ಹೇಳಾಕ ಬರೂದಿಲ್ಲ ತಂಗಿ. ಎಲ್ಲಾ ಬರೋಬ್ಬರಿ ಮಾಡಿದವ್ರಿಗೂ ಒಬ್ಬೊಬ್ಬರಿಗೆ ಉಳೀತೈತಿ. ಯಾರಿಗೆ ಉಳದೀತು ಅಂತ ಅಂದಾಜು ಸಿಗಲಿ ಅಂತನ ನಿದ್ದಿ, ಹೆದರಿಕಿ ಎಲ್ಲಾ ಮೊದಲ ಕೇಳಿದ್ದೆ. ತಪ್ಪಿಸಾಕ ಒಂದು ದಾರಿ ಇತ್ತು, ಅಷ್ಟ."

ಅಕ್ಕೋರು ಕಳೆದ ಬೇಸಿಗೆಯಲ್ಲಿ ತೀರಿಕೊಂಡರು. ಹೃದಯದ ತೊಂದರೆ, ಕಾಲಿಗೂ ಅದಕ್ಕೂ ಸಂಬಂಧವಿಲ್ಲವಂತೆ. ಅದನ್ನೂ ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಡಾಕ್ಟರ ಮಾತು ನನ್ನ ಪರವಾಗಿದೆ, ಅಕ್ಕೋರ ಮಾತೂ ನನ್ನ ಪರವಾಗಿದೆ. ಯಾವ ಕೋರ್ಟಿನಲ್ಲಾದರೂ ಇಷ್ಟು ಸಾಕು, ನಾನು ಬಿಡುಗಡೆ. ಎರಡೂ ನನಗೇ ಇಷ್ಟು ಅನುಕೂಲವಾಗಿರುವುದರಿಂದಲೇ ಎರಡನ್ನೂ ನಂಬಲಾಗುತ್ತಿಲ್ಲ.

ಗಿರಣಿಯ ಮೇಲಿನ ಕೋಣೆ ಖಾಲಿಯೇ ಇದೆ. ಮೊನ್ನೆ ಓಣಿಯ ಹುಡುಗಿಯೊಬ್ಬಳು, ಅಕ್ಕೋರ ಹತ್ತಿರ ಕೊನೆಗೆ ಕಲಿತವಳು, ದಾರಿಗೆ ಅಡ್ಡ ನಿಂತಳು. "ಅಕ್ಕಾ, ನಿಮ್ಮ ಕಾಲಾದ್ರೂ ನೆಟ್ಟಗ ಅದಾವಲ್ರಿ? ಮ್ಯಾಲ ಬಂದು ನೀವ ಕಲಿಸ್ರಲಾ."

ಅವಳ ವಾದವನ್ನು ಒಪ್ಪಿಕೊಂಡೆ. ಆದರೂ ಇನ್ನೂ ಹೋಗಿಲ್ಲ.